ದನಿಯೇ ವಿದ್ಯುತ್ತಾದಾಗ: ಬ್ಯಾಟರಿ ಬೇಡದ ಸಾಧನಗಳ ನೂರೈವತ್ತು ವರ್ಷ



ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಮಲೆನಾಡಿನ ಒಂದು ಊರಿಗೆ ಚಿತ್ರೀಕರಣಕ್ಕೆ ಹೋಗಿತ್ತು. ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದ ಒಬ್ಬ ಹಿರಿಯ ಮೇಷ್ಟ್ರನ್ನು ಮಾತನಾಡಿಸುವುದು ನಮ್ಮ ಉದ್ದೇಶ. ಅವರ ಅಂಗಿಗೆ ಪುಟ್ಟ ನಿಸ್ತಂತು ಮೈಕು ಸಿಕ್ಕಿಸಿ, ಜಗುಲಿಯ ಮೇಲೆ ಕೂರಿಸಿ, ಮಾತಿಗೆ ಎಳೆದೆವು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ ಒಂದು ದಿನ ಬಾರದೇ ಹೋದ ಕಥೆಯನ್ನು ಅವರು ಹೇಳಿದರು. ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ಕಥೆ ಮುಗಿದ ಮೇಲೆ ನಮ್ಮ ಧ್ವನಿಗ್ರಾಹಕರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಸಾರ್, ಆಗಲೇ ಶೆಲ್ ಹೋಗಿದೆ. ಏನೂ ರೆಕಾರ್ಡ್ ಆಗಿಲ್ಲ” ಎಂದರು.

ಬೆಳಿಗ್ಗೆ ಹೊಸ ಶೆಲ್ ಹಾಕಿಸಬೇಕಾಗಿದ್ದವನು ನಾನೇ. ಚೀಲದಲ್ಲಿ ಬದಲಿ ಶೆಲ್ ಕೂಡ ಇರಲಿಲ್ಲ. ಇನ್ನೊಮ್ಮೆ ಹೇಳುವಿರಾ ಎಂದು ಕೇಳಿಕೊಂಡಾಗ ಮೇಷ್ಟ್ರು ನಕ್ಕು, “ಬೇಡಪ್ಪ. ಎರಡನೇ ಸಲ ಹೇಳಿದರೆ ಅದು ಪಾಠ ಒಪ್ಪಿಸಿದ ಹಾಗೆ ಆಗುತ್ತೆ” ಎಂದುಬಿಟ್ಟರು. ಆಗ ಧ್ವನಿಗ್ರಾಹಕರು ಪೆಟ್ಟಿಗೆಯ ತಳದಿಂದ ಹಳೆಯದೊಂದು ತಂತಿ ಮೈಕನ್ನು ತೆಗೆದರು. ಅದಕ್ಕೆ ಶೆಲ್ ಇಲ್ಲ, ಅದು ಬೇಕಾಗಿಯೂ ಇಲ್ಲ. ತಂತಿಯನ್ನು ಯಂತ್ರಕ್ಕೆ ಚುಚ್ಚಿದ ಕೂಡಲೇ ಮೇಷ್ಟ್ರ ದನಿ ಸ್ಪಷ್ಟವಾಗಿ ಕೇಳಿಸಿತು. ಉಳಿದ ಸಂದರ್ಶನವೆಲ್ಲ ಅದರಲ್ಲೇ ನಡೆಯಿತು.

ಆ ಮೈಕಿಗೆ ವಿದ್ಯುತ್ತು ಬಂದದ್ದು ಎಲ್ಲಿಂದ? ಮೇಷ್ಟ್ರ ಗಂಟಲಿನಿಂದಲೇ. ದನಿಯೆಂದರೆ ಗಾಳಿಯ ಕಂಪನ. ಆ ಕಂಪನ ಮೈಕಿನೊಳಗಿನ ತೆಳುವಾದ ಪೊರೆಯನ್ನು ಅಲುಗಿಸುತ್ತದೆ. ಪೊರೆಗೆ ಅಂಟಿಸಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಅಯಸ್ಕಾಂತದ ಬಳಿ ತಂತಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. ಮಾತನಾಡುವವನೇ ಅಲ್ಲಿ ವಿದ್ಯುದಾಗಾರ. ಅದನ್ನು ದೊಡ್ಡದು ಮಾಡಿ ದಾಖಲಿಸುವ ಯಂತ್ರಕ್ಕೆ ಬೇರೆ ಶಕ್ತಿ ಬೇಕು, ನಿಜ. ಆದರೆ ಮೈಕು ಮಾತ್ರ ಯಾರ ಹಂಗಿನಲ್ಲೂ ಇಲ್ಲ.

ನಮ್ಮ ಸುತ್ತಲಿನ ಬೆಳಕು, ಕಂಪನ, ರೇಡಿಯೊ ಅಲೆಗಳಿಂದಲೂ ನಮ್ಮದೇ ಮೈಯ ದುಡಿಮೆಯಿಂದಲೂ ಚೂರು ಚೂರು ಶಕ್ತಿಯನ್ನು ಸಂಗ್ರಹಿಸಿ ಬ್ಯಾಟರಿಯಿಲ್ಲದೆ ಸಾಧನಗಳನ್ನು ನಡೆಸುವ ವಿದ್ಯೆಗೆ ವಿಜ್ಞಾನಿಗಳು ‘ಶಕ್ತಿಯ ಕೊಯ್ಲು’ ಎಂಬ ಹೆಸರಿಟ್ಟಿದ್ದಾರೆ. ಇದು ಇಂದಿನ ಸಂಶೋಧನೆಯ ಬಿಸಿ ವಿಷಯ. ಆದರೆ ಇದರ ಬೇರು ಬಹಳ ಹಳೆಯದು. ಆ ಬೇರನ್ನು ಹಿಡಿದು ಇತಿಹಾಸದಲ್ಲಿ ಒಂದು ಸುತ್ತು ಹೋಗಿ ಬರೋಣ.

ಬೆಲ್ಲನ ಟೆಲಿಫೋನು

ಅಲೆಕ್ಸಾಂಡರ್ ಗ್ರಹಾಂ ಬೆಲ್ 1876ರಲ್ಲಿ ಟೆಲಿಫೋನಿಗೆ ಪೇಟೆಂಟು ಪಡೆದನು. ಮರುವರ್ಷ, ಅಂದರೆ 1877ರಲ್ಲಿ, ಅವನ ಟೆಲಿಫೋನಿನಲ್ಲಿ ಶಾಶ್ವತ ಅಯಸ್ಕಾಂತಗಳು ಬಂದವು. ಮಾತನ್ನು ಸಾಗಿಸಲು ಅದಕ್ಕೆ ಬ್ಯಾಟರಿಯ ಅಗತ್ಯವೇ ಇರಲಿಲ್ಲ. ಒಬ್ಬನ ದನಿ ಒಂದು ತುದಿಯಲ್ಲಿ ಕಬ್ಬಿಣದ ತೆಳು ತಗಡನ್ನು ಅಲುಗಿಸುತ್ತಿತ್ತು. ಅದರಿಂದ ಹುಟ್ಟಿದ ವಿದ್ಯುತ್ತು ತಂತಿಯಲ್ಲಿ ಹರಿದು, ಇನ್ನೊಂದು ತುದಿಯ ತಗಡನ್ನು ಹಾಗೆಯೇ ಅಲುಗಿಸುತ್ತಿತ್ತು.

ಕೊರತೆಯೆಂದರೆ ದೂರ ಹೆಚ್ಚಿದಂತೆ ದನಿ ಕ್ಷೀಣಿಸುತ್ತಿತ್ತು. ಥಾಮಸ್ ಎಡಿಸನ್ ಮೊದಲಾದವರು ಇಂಗಾಲದ ಮೈಕನ್ನು ರೂಪಿಸಿದರು. ಅದರಲ್ಲಿ ದನಿಯು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಬ್ಯಾಟರಿಯಿಂದ ಹರಿಯುತ್ತಿರುವ ವಿದ್ಯುತ್ತನ್ನು ಏರಿಳಿಸುತ್ತದೆ, ಅಷ್ಟೇ. ದನಿ ಗಟ್ಟಿಯಾಯಿತು, ಟೆಲಿಫೋನು ಊರೂರಿಗೆ ಹಬ್ಬಿತು, ಜೊತೆಗೆ ಬ್ಯಾಟರಿಯೂ ಬಂತು. ದೂರ ಬೇಕಾದರೆ ಬ್ಯಾಟರಿ ಬೇಕು, ಬ್ಯಾಟರಿ ಬೇಡವಾದರೆ ದೂರವನ್ನು ಬಿಡಬೇಕು: ಈ ಕೊಡು-ಕೊಳ್ಳುವಿಕೆ ಮುಂದಿನ ಕಥೆಯಲ್ಲೆಲ್ಲ ನಮ್ಮ ಜೊತೆಗೇ ಬರುತ್ತದೆ.

ಆದರೂ ಹಳೆಯ ವಿಧಾನ ಸಾಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಯುದ್ಧನೌಕೆಗಳಲ್ಲಿ ದನಿಯ ಬಲದಿಂದಲೇ ನಡೆಯುವ ಟೆಲಿಫೋನುಗಳಿದ್ದವು. ಗುಂಡು ತಗಲಿ ಹಡಗಿನ ವಿದ್ಯುತ್ತೆಲ್ಲ ನಿಂತುಹೋದರೂ ನಾಯಕನ ಆಜ್ಞೆ ಎಂಜಿನ್ ಕೋಣೆಯನ್ನು ಮುಟ್ಟುತ್ತಿತ್ತು. ಇಂದಿಗೂ ಹಡಗುಗಳಲ್ಲಿ ತುರ್ತು ಸಂದರ್ಭಕ್ಕೆಂದು ಅವನ್ನು ಇಟ್ಟಿರುತ್ತಾರೆ.

ಒಂದು ಚೂರು ಕಲ್ಲು, ಒಂದು ಬ್ಲೇಡು

ತಂತಿಯಿದ್ದಲ್ಲಿ ದನಿ ಸಾಕು. ತಂತಿಯೇ ಇಲ್ಲದಿದ್ದರೆ? ರೇಡಿಯೊ ಕೇಂದ್ರದ ಅಲೆಗಳು ನಮ್ಮ ಮನೆಯ ಮೇಲೆ ಹಾದುಹೋಗುವಾಗ ಒಂದಿಷ್ಟು ಶಕ್ತಿಯನ್ನು ಹೊತ್ತುಕೊಂಡೇ ಹೋಗುತ್ತವೆ. ಎತ್ತರಕ್ಕೆ ಒಂದು ತಂತಿ ಕಟ್ಟಿದರೆ ಅದರಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಆದರೆ ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಿಂದೆ ಮುಂದೆ ಓಡಾಡುವ ವಿದ್ಯುತ್ತು. ಕಿವಿಯ ಫೋನಿಗೆ ಅಷ್ಟು ವೇಗವಾಗಿ ಅಲುಗಲು ಬಾರದು. ಅಲೆಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಬಾಗಿಲು ಬೇಕು. ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡುವುದಿಲ್ಲವಲ್ಲ, ಹಾಗೆ.

ಕೆಲವು ಖನಿಜಗಳಿಗೆ ಈ ಗುಣವಿದೆ ಎಂದು ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ 1874ರಲ್ಲಿಯೇ ಗಮನಿಸಿದ್ದನು. ಅದನ್ನು ವಿದ್ಯುದಲೆಗಳ ಶೋಧಕ್ಕೆ ಬಳಸಿಕೊಂಡವರಲ್ಲಿ ಮೊದಲಿಗರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಜಗದೀಶಚಂದ್ರ ಬೋಸರು. ಸೀಸದ ಅದಿರಾದ ಗೆಲೀನಾ ಹರಳಿನ ಶೋಧಕಕ್ಕಾಗಿ ಅವರು 1901ರಲ್ಲಿ ಸಲ್ಲಿಸಿದ ಅರ್ಜಿಗೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಅರೆವಾಹಕ ಸಾಧನಕ್ಕೆ ದೊರೆತ ಅತಿ ಹಳೆಯ ಪೇಟೆಂಟುಗಳಲ್ಲಿ ಅದೂ ಒಂದು. ಇಂದಿನ ಡಯೋಡುಗಳೆಲ್ಲ ಆ ಹರಳಿನ ವಂಶದವೇ.

1920ರ ದಶಕದಲ್ಲಿ ಪ್ರಸಾರ ಕೇಂದ್ರಗಳು ಒಂದೊಂದಾಗಿ ತೆರೆದಾಗ ಬಡವರ ರೇಡಿಯೊ ಎಂದರೆ ಈ ಹರಳು ರೇಡಿಯೊವೇ ಆಗಿತ್ತು. ಒಂದು ಸುರುಳಿ, ಒಂದು ಹರಳು, ಅದನ್ನು ಮೆಲ್ಲಗೆ ಮುಟ್ಟುವ ಸಣ್ಣ ತಂತಿ, ಒಂದು ಜೊತೆ ಕಿವಿಯ ಫೋನು; ಇಷ್ಟೇ ಸಾಮಗ್ರಿ. ಬ್ಯಾಟರಿಯ ಮಾತೇ ಇಲ್ಲ. ಕಿವಿಗೆ ಬೀಳುವ ಸಂಗೀತಕ್ಕೆ ಬೇಕಾದ ಶಕ್ತಿಯಷ್ಟೂ ಪ್ರಸಾರ ಕೇಂದ್ರದಿಂದ ಗಾಳಿಯಲ್ಲಿ ಬಂದದ್ದು. ನಮ್ಮ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ, ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಕೊಟ್ಟ ಪ್ರಸಾರ ಕೇಂದ್ರವೂ ಆ ಕಾಲದ್ದೇ.

ಈ ಸರಳ ಉಪಕರಣದ ನಿಜವಾದ ಬೆಲೆ ತಿಳಿದದ್ದು ಯುದ್ಧದ ಕಂದಕಗಳಲ್ಲಿ. 1944ರಲ್ಲಿ ಇಟಲಿಯ ಆನ್ಜಿಯೊ ತೀರದಲ್ಲಿ ಸಿಕ್ಕಿಕೊಂಡ ಮಿತ್ರಪಡೆಯ ಸೈನಿಕರು ಹರಳು ಸಿಗದೆ, ಗಡ್ಡ ಹೆರೆಯುವ ಬ್ಲೇಡಿನ ಮೇಲೆ ಪೆನ್ಸಿಲಿನ ಸೀಸದ ಮೊನೆಯನ್ನು ಒತ್ತಿ ರೇಡಿಯೊ ಮಾಡಿಕೊಂಡರು. ಬ್ಲೇಡಿನ ಮೇಲಿನ ತೆಳ್ಳನೆಯ ಆಕ್ಸೈಡ್ ಪದರವೇ ಹರಳಿನ ಕೆಲಸ ಮಾಡಿತು. ನಾಳೆ ಬದುಕಿರುತ್ತೇವೋ ಇಲ್ಲವೋ ಎಂದು ಕೂತವರಿಗೆ ರಾತ್ರಿ ಹೊತ್ತು ಒಂದು ಹಾಡು ಕೇಳಿಸುವುದೆಂದರೆ ಸಣ್ಣ ಮಾತೇನಲ್ಲ.

ಕಾಲಿನಿಂದ ತುಳಿದ ನಿಸ್ತಂತು

ಹರಳು ರೇಡಿಯೊ ಕೇಳಬಲ್ಲದು, ಮಾತನಾಡಲಾರದು. ಮಾತನಾಡಲೇಬೇಕಾದ ಅಗತ್ಯ ಹೇಗಿತ್ತು ಎಂಬುದನ್ನು ತಿಳಿಯಲು ಆಸ್ಟ್ರೇಲಿಯದ ಒಳನಾಡಿಗೆ ಹೋಗಬೇಕು. 1917ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಹಾಲ್ಸ್ ಕ್ರೀಕ್ ಎಂಬ ಊರಿಗೆ ಜಿಮ್ಮಿ ಡಾರ್ಸಿ ಎಂಬ ದನಗಾಹಿಯನ್ನು ತೀವ್ರ ಪೆಟ್ಟಾದ ಸ್ಥಿತಿಯಲ್ಲಿ ತಂದರು. ಸುತ್ತಮುತ್ತ ವೈದ್ಯರೇ ಇರಲಿಲ್ಲ. ದೂರದ ಪರ್ತ್ ನಗರದ ವೈದ್ಯರು ತಂತಿಯ ಮೂಲಕ ಹೇಳಿದಂತೆ ಅಲ್ಲಿನ ಅಂಚೆ ಮಾಸ್ತರರು ಜೇಬಿನ ಚಾಕುವಿನಿಂದಲೇ ಶಸ್ತ್ರಕ್ರಿಯೆ ಮಾಡಿದರು. ವೈದ್ಯರು ಹಡಗು, ಕಾರುಗಳಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ ಬಂದು ತಲುಪುವ ಹಿಂದಿನ ದಿನ ಡಾರ್ಸಿ ಪ್ರಾಣ ಬಿಟ್ಟಿದ್ದ.

ಆ ಊರಿಗೆ ತಂತಿಯಾದರೂ ಇತ್ತು. ತಂತಿಯಿಲ್ಲದ ಸಾವಿರಾರು ಒಂಟಿ ಮನೆಗಳ ಗತಿಯೇನು? ಜಾನ್ ಫ್ಲಿನ್ ಎಂಬ ಪಾದ್ರಿ ಇದೇ ಚಿಂತೆಯಲ್ಲಿದ್ದರು. ಅವರ ಪ್ರಯತ್ನದಿಂದ 1928ರಲ್ಲಿ ಕ್ಲನ್‌ಕರಿ ಎಂಬಲ್ಲಿ ವಿಮಾನದಲ್ಲಿ ಹೋಗುವ ವೈದ್ಯರ ಸೇವೆ ಆರಂಭವಾಯಿತು. ಆದರೆ ವೈದ್ಯರನ್ನು ಕರೆಯುವುದು ಹೇಗೆ? ನಿಸ್ತಂತು ಯಂತ್ರಕ್ಕೆ ಬೇಕಾದ ಭಾರವಾದ ಬ್ಯಾಟರಿಗಳನ್ನು ಮರಳುಗಾಡಿನ ಮನೆಗಳಲ್ಲಿ ಸಾಕುವುದು ಆಗುವ ಮಾತಲ್ಲ.

ಇದಕ್ಕೆ ಪರಿಹಾರ ಕಂಡವನು ಅಡಿಲೇಡಿನ ಎಂಜಿನಿಯರ್ ಆಲ್ಫ್ರೆಡ್ ಟ್ರೇಗರ್. ಕೈಯಲ್ಲಿ ತಿರುಗಿಸುವ ಜನರೇಟರನ್ನು ಅವನು ಮೊದಲು ಪ್ರಯತ್ನಿಸಿದ. ಆದರೆ ಒಂದು ಕೈ ತಿರುಗಿಸುತ್ತಿರುವಾಗ ಇನ್ನೊಂದು ಕೈಯಲ್ಲಿ ಮೋರ್ಸ್ ಸಂಕೇತ ಬಡಿಯುವುದು ಕಷ್ಟ. ಆಗ ಜನರೇಟರಿಗೆ ಸೈಕಲ್ಲಿನ ಪೆಡಲು ಜೋಡಿಸಿದ. ಕುಳಿತು ತುಳಿದರೆ ಸಾಧಾರಣ ಮನುಷ್ಯನೊಬ್ಬ ಸುಮಾರು 20 ವ್ಯಾಟ್ ಶಕ್ತಿಯನ್ನು ಆಯಾಸವಿಲ್ಲದೆ ಕೊಡಬಲ್ಲ ಎಂದು ಕಂಡುಕೊಂಡ. ಎರಡು ಕೈಗಳೂ ಕೆಲಸಕ್ಕೆ ಬಿಡುವಾದವು. 1929ರಲ್ಲಿ ಕ್ವೀನ್ಸ್‌ಲ್ಯಾಂಡಿನ ಅಗಸ್ಟಸ್ ಡೌನ್ಸ್ ಎಂಬ ದನಗಳ ಹಟ್ಟಿಯಿಂದ ಪೆಡಲ್ ನಿಸ್ತಂತು ಮಾತನಾಡತೊಡಗಿತು. ಮೋರ್ಸ್ ಬಾರದವರಿಗಾಗಿ, ಅಕ್ಷರ ಒತ್ತಿದರೆ ತಾನೇ ಸಂಕೇತವಾಗುವ ಕೀಲಿಮಣೆಯನ್ನೂ ಟ್ರೇಗರ್ ಮಾಡಿಕೊಟ್ಟ.

ಆ ಪೆಡಲನ್ನು ತುಳಿದವರಲ್ಲಿ ಮನೆಯ ಹೆಂಗಸರೇ ಹೆಚ್ಚು. ಮಗುವಿಗೆ ಜ್ವರ ಏರಿದಾಗ, ಹಾವು ಕಚ್ಚಿದಾಗ, ಹೆರಿಗೆ ತಡವಾದಾಗ ಅವರ ಕಾಲಿನ ಬಲವೇ ವೈದ್ಯರನ್ನು ಕರೆತಂದಿತು. ಮುಂದೆ ಇದೇ ಹಾರುವ ವೈದ್ಯರ ನಿಸ್ತಂತು ಜಾಲದ ಮೇಲೆಯೇ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ‘ಆಕಾಶದ ಶಾಲೆ’ ತೆರೆಯಿತು. ನೂರಾರು ಮೈಲಿ ದೂರದ ಮಕ್ಕಳು ಮನೆಯಲ್ಲೇ ಕುಳಿತು ಒಬ್ಬರೇ ಟೀಚರಿಗೆ ಉತ್ತರ ಹೇಳಿದರು.

ಗೋಡೆಗಿದ್ದ ಕಿವಿ

ಮುಂದಿನ ಪ್ರಸಂಗ ಗೂಢಚರ್ಯೆಯದು. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾ ಮಕ್ಕಳ ತಂಡವೊಂದು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಕಾಣಿಕೆಯಾಗಿ ನೀಡಿತು. ರಾಯಭಾರಿಯ ನಿವಾಸದ ಗೋಡೆಯ ಮೇಲೆ ಅದು ಏಳು ವರ್ಷ ಶೋಭಿಸಿತು. 1952ರಲ್ಲಿ ತಜ್ಞರು ಅದನ್ನು ಬಿಚ್ಚಿ ನೋಡಿದಾಗ ಒಳಗೊಂದು ಲೋಹದ ಪುಟ್ಟ ಡಬ್ಬಿ, ಅದಕ್ಕೆ ಒಂದು ಕಡ್ಡಿ ಆಂಟೆನಾ. ಬ್ಯಾಟರಿ ಇಲ್ಲ, ತಂತಿ ಇಲ್ಲ.

ಹೊರಗಿನಿಂದ ಬಲವಾದ ರೇಡಿಯೊ ಅಲೆಯನ್ನು ಆ ಕೋಣೆಯತ್ತ ಹಾಯಿಸಿದಾಗ ಮಾತ್ರ ಅದು ಜೀವ ತಳೆಯುತ್ತಿತ್ತು. ಡಬ್ಬಿಯ ಬಾಯಿಗೆ ತೆಳ್ಳನೆಯ ಪೊರೆಯಿತ್ತು. ಕೋಣೆಯಲ್ಲಿ ಯಾರಾದರೂ ಮಾತನಾಡಿದರೆ ಪೊರೆ ನಡುಗಿ, ಡಬ್ಬಿಯಿಂದ ಹಿಂದಿರುಗುವ ಅಲೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಕನ್ನಡಿಯನ್ನು ಬಿಸಿಲಿಗೆ ಹಿಡಿದು ಗೆಳೆಯನ ಮುಖದ ಮೇಲೆ ಬೆಳಕು ಆಡಿಸುವ ಆಟವನ್ನು ನೀವು ಆಡಿದ್ದೀರಿ. ಕನ್ನಡಿಗೆ ಸ್ವಂತ ಬೆಳಕಿಲ್ಲ, ಆದರೂ ಅದನ್ನು ಅಲುಗಿಸಿ ಸಂದೇಶ ಕಳಿಸಬಹುದು. ತತ್ತ್ವ ಅದೇ. ಇದನ್ನು ರೂಪಿಸಿದ ಲೆವ್ ಥೆರೆಮಿನ್ ಮುಟ್ಟದೆಯೇ ನುಡಿಸುವ ಸಂಗೀತ ವಾದ್ಯವೊಂದನ್ನು ಕಂಡುಹಿಡಿದು ಹೆಸರಾಗಿದ್ದವನು. ಆ ಹೊತ್ತಿಗೆ ತನ್ನದೇ ದೇಶದ ಸೆರೆಯಲ್ಲಿದ್ದ ವಿಜ್ಞಾನಿ! 1960ರಲ್ಲಿ ಅಮೆರಿಕ ಆ ಮರದ ಮುದ್ರೆಯನ್ನು ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಮುಂದೆ ಬಿಚ್ಚಿ ತೋರಿಸಿತು.

ಅಲೆಯನ್ನು ತಾನು ಹುಟ್ಟಿಸದೆ, ಬಂದ ಅಲೆಯನ್ನೇ ಪ್ರತಿಫಲಿಸಿ ಮಾತನಾಡುವ ಈ ವಿಧಾನದ ಬಗ್ಗೆ ಹ್ಯಾರಿ ಸ್ಟಾಕ್‌ಮನ್ ಎಂಬಾತ 1948ರಲ್ಲಿ ಅಮೆರಿಕದಲ್ಲಿ ಶಾಸ್ತ್ರೀಯ ಪ್ರಬಂಧವನ್ನೇ ಪ್ರಕಟಿಸಿದ್ದನು. ಅದು ಜನಬಳಕೆಗೆ ಬರಲು ದಶಕಗಳೇ ಬೇಕಾದವು. ಇಂದು ಹೆದ್ದಾರಿಯ ಟೋಲ್ ಗೇಟಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ನೋಡಿ. ಅದರೊಳಗೆ ಬ್ಯಾಟರಿಯಿಲ್ಲ. ಗೇಟಿನ ಯಂತ್ರ ಕಳಿಸಿದ ಅಲೆಯಿಂದಲೇ ಎಚ್ಚೆತ್ತು, ಅದೇ ಅಲೆಯನ್ನು ಪ್ರತಿಫಲಿಸಿ ತನ್ನ ಸಂಖ್ಯೆ ಹೇಳುತ್ತದೆ. ಮೆಟ್ರೊ ರೈಲಿನ ಸ್ಮಾರ್ಟ್ ಕಾರ್ಡು ಕೂಡ ಯಂತ್ರದ ಹತ್ತಿರ ಹಿಡಿದಾಗಲೇ ಅದರಿಂದ ಶಕ್ತಿ ಪಡೆಯುತ್ತದೆ. ಗೂಢಚಾರನ ಉಪಾಯ ಇಂದು ಪ್ರಯಾಣಿಕನ ಜೇಬಿನಲ್ಲಿದೆ.

‘ಟಿಕ್’ ಎನ್ನುತ್ತಿದ್ದ ರಿಮೋಟು

ನಮ್ಮ ಟೆಲಿವಿಷನ್ನಿನ ಇತಿಹಾಸದಲ್ಲೂ ಇಂಥದೊಂದು ಪುಟವಿದೆ. 1950ರ ದಶಕದಲ್ಲಿ ಅಮೆರಿಕದ ಜೆನಿತ್ ಕಂಪನಿ ದೂರದಿಂದ ಚಾನೆಲ್ ಬದಲಿಸುವ ಸಾಧನಕ್ಕಾಗಿ ಹೆಣಗುತ್ತಿತ್ತು. ಮೊದಲು ತಂತಿಯ ರಿಮೋಟು ಬಂತು. ಜನ ಎಡವಿ ಬಿದ್ದರು. 1955ರಲ್ಲಿ ಬೆಳಕು ಚೆಲ್ಲುವ ರಿಮೋಟು ಬಂತು. ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು. ಇನ್ನು ಬ್ಯಾಟರಿ ಹಾಕಿದರೆ, ಅದು ಮುಗಿದ ದಿನ ಗಿರಾಕಿಗಳು ಟಿ.ವಿ.ಯೇ ಕೆಟ್ಟಿತೆಂದು ಭಾವಿಸುತ್ತಾರೆ ಎಂಬ ಹೆದರಿಕೆ ಮಾರಾಟ ವಿಭಾಗದವರಿಗೆ.

ಆ ಕಂಪನಿಯ ವಿಜ್ಞಾನಿ ರಾಬರ್ಟ್ ಆಡ್ಲರ್ 1956ರಲ್ಲಿ ತಂದ ರಿಮೋಟಿನೊಳಗೆ ಇದ್ದದ್ದು ಅಲ್ಯೂಮಿನಿಯಂನ ನಾಲ್ಕು ಸಣ್ಣ ಸರಳುಗಳು. ಗುಂಡಿ ಒತ್ತಿದರೆ ಸ್ಪ್ರಿಂಗಿನ ಸುತ್ತಿಗೆ ಸರಳಿನ ತುದಿಗೆ ಬಡಿಯುತ್ತಿತ್ತು. ಸರಳು ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಶ್ರುತಿಯಲ್ಲಿ ಮಿಡಿಯುತ್ತಿತ್ತು. ಒಂದೊಂದು ಸರಳಿನ ಉದ್ದ ಒಂದೊಂದು ಬಗೆ, ಹಾಗಾಗಿ ಒಂದೊಂದಕ್ಕೂ ಬೇರೆ ಶ್ರುತಿ, ಬೇರೆ ಆಜ್ಞೆ. ಬೆರಳಿನ ಒತ್ತಡವೇ ಶಕ್ತಿ. 1980ರ ದಶಕದ ಆರಂಭದವರೆಗೂ ರಿಮೋಟುಗಳಲ್ಲಿ ಶಬ್ದಾತೀತ ಅಲೆಗಳೇ ಆಳಿದವು. ಆಮೇಲೆ ಬ್ಯಾಟರಿಯಿಂದ ನಡೆಯುವ ಅವಕೆಂಪು ಬೆಳಕಿನ ರಿಮೋಟು ಬಂತು. ಇಂದು ರಿಮೋಟು ಕೆಲಸ ಮಾಡದಿದ್ದಾಗ ಅಂಗೈಗೆ ತಟ್ಟಿ, ಶೆಲ್ ಹೊರಳಿಸಿ ಹಾಕುವ ನಾವೆಲ್ಲ ಆಡ್ಲರನನ್ನು ನೆನೆಯಬೇಕು.

ನಾನು ಚಿಕ್ಕವನಿದ್ದಾಗ ರೇಡಿಯೊದ ಶೆಲ್ ಮುಗಿದರೆ ಅಮ್ಮ ಅದನ್ನು ಬಿಸಿಲಿಗೆ ಒಣಗಿಸಿಟ್ಟು ಮತ್ತೆ ಹಾಕುತ್ತಿದ್ದಳು. ಕಾಮೆಂಟರಿಯ ಕೊನೆಯ ಎರಡು ಓವರು ಆ ಬಿಸಿಲಿನ ಭಿಕ್ಷೆ. ಆಫ್ರಿಕದ ಹಳ್ಳಿಗಳ ಬಡವರಿಗೆ ಶೆಲ್ಲಿನ ಬೆಲೆ ಇನ್ನೂ ಭಾರ. 1991ರಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್, ಆಫ್ರಿಕದಲ್ಲಿ ಏಡ್ಸ್ ಹರಡುತ್ತಿರುವ ಬಗ್ಗೆ ಟಿ.ವಿ.ಯಲ್ಲಿ ಒಂದು ಕಾರ್ಯಕ್ರಮ ನೋಡಿದ. ತಿಳುವಳಿಕೆ ಮುಟ್ಟಿಸಲು ರೇಡಿಯೊ ಬೇಕು, ಆದರೆ ವಿದ್ಯುತ್ತಿಲ್ಲ, ಶೆಲ್ ಕೊಳ್ಳಲು ದುಡ್ಡಿಲ್ಲ ಎಂಬುದು ಅವನ ಮನಸ್ಸನ್ನು ಕೊರೆಯಿತು. ಗಡಿಯಾರದಂತೆ ಕೀಲಿ ಕೊಟ್ಟರೆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಜನರೇಟರನ್ನು ತಿರುಗಿಸುವ ರೇಡಿಯೊವನ್ನು ಅವನು ತಯಾರಿಸಿದ. ಮೊದಲ ಮಾದರಿ ನಡೆದದ್ದು 14 ನಿಮಿಷ. 1994ರಲ್ಲಿ ಬಿ.ಬಿ.ಸಿ. ಅದನ್ನು ತೋರಿಸಿದ ಮೇಲೆ ಬಂಡವಾಳ ದೊರೆತು, ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಅಂಗವಿಕಲರೂ ದುಡಿಯುವ ಕಾರ್ಖಾನೆ ಎದ್ದಿತು. ನಮ್ಮ ಮಾಧ್ಯಮದಲ್ಲಿ ಕೆಲಸ ಮಾಡುವವರಿಗೆ ಸಮಾಧಾನ ತರುವ ಕಥೆಯಿದು.

ನಡೆಯುವ ಕಾಲು, ಒತ್ತುವ ಬೆರಳು

ಈಗ ಒಂದು ಲೆಕ್ಕ ಮಾಡೋಣ. 68 ಕಿಲೋ ತೂಕದ ವ್ಯಕ್ತಿ ನಡೆಯುವಾಗ ಪ್ರತಿ ಹೆಜ್ಜೆಗೂ ಹಿಮ್ಮಡಿ 5 ಸೆಂಟಿಮೀಟರ್ ಇಳಿಯುತ್ತದೆ ಎಂದುಕೊಳ್ಳಿ. 68 × 9.8 × 0.05 ಎಂದರೆ ಸುಮಾರು 33 ಜೂಲ್. ಸೆಕೆಂಡಿಗೆ ಎರಡು ಹೆಜ್ಜೆಯಾದರೆ ಸುಮಾರು 67 ವ್ಯಾಟ್. 1996ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಥ್ಯಾಡ್ ಸ್ಟಾರ್ನರ್ ಪ್ರಕಟಿಸಿದ ಲೆಕ್ಕವಿದು. ಮನೆಯ ಏಳು ಎಲ್‌ಇಡಿ ಬಲ್ಬುಗಳಿಗೆ ಸಾಕಾದೀತು!

ಆದರೆ ಕಾಗದದ ಲೆಕ್ಕ ಬೇರೆ, ಕಾಲಿನ ಲೆಕ್ಕ ಬೇರೆ. ಹೆಜ್ಜೆಗೊಮ್ಮೆ 5 ಸೆಂಟಿಮೀಟರ್ ಕುಸಿಯುವ ಚಪ್ಪಲಿ ಹಾಕಿಕೊಂಡು ನಡೆದರೆ ಕೆಸರುಗದ್ದೆಯಲ್ಲಿ ನಡೆದಂತೆ ದಣಿಯುತ್ತೇವೆ. ಅದೇ ಎಂ.ಐ.ಟಿ.ಯ ಜೋಸೆಫ್ ಪ್ಯಾರಡಿಸೊ ಮತ್ತು ಸಂಗಡಿಗರು 1998ರಲ್ಲಿ ನಡಿಗೆಗೆ ತೊಡಕಾಗದಂತೆ ಶೂಗಳ ಅಟ್ಟೆಯೊಳಗೆ ಒತ್ತಡವಿದ್ಯುತ್ ಪದರಗಳನ್ನು ಇಟ್ಟು ನೋಡಿದರು. ದೊರೆತದ್ದು ಒಂದೆರಡು ಮಿಲಿವ್ಯಾಟ್ ಮಾತ್ರ. ಆದರೂ ಕೆಲವು ಹೆಜ್ಜೆಗೊಮ್ಮೆ ಆ ಶೂ ತನ್ನ ಗುರುತಿನ ಸಂಕೇತವನ್ನು ನಿಸ್ತಂತುವಾಗಿ ಸಾರಿತು.

ಒತ್ತಡವಿದ್ಯುತ್ ಎಂದರೇನು? ಕೆಲವು ಹರಳುಗಳನ್ನು ಅದುಮಿದರೆ ಅವುಗಳಲ್ಲಿ ವಿದ್ಯುತ್ತು ತೋರುತ್ತದೆ ಎಂಬುದನ್ನು ಕ್ಯೂರಿ ಸಹೋದರರಾದ ಪಿಯರ್ ಮತ್ತು ಜಾಕ್ 1880ರಲ್ಲಿ ಕಂಡುಕೊಂಡರು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರು ‘ಟಕ್’ ಎಂದು ಕಿಡಿ ಹಾರಿಸುವುದು ಇದೇ ಗುಣದಿಂದ. ಒಳಗಿನ ಸುತ್ತಿಗೆ ಹರಳಿಗೆ ಬಡಿಯುತ್ತದೆ. ವರ್ಷಗಟ್ಟಲೆ ಬಳಸಿದರೂ ಅದಕ್ಕೆ ಯಾರೂ ಶೆಲ್ ಹಾಕುವುದಿಲ್ಲ. ಬೆರಳಿನ ಬಲವನ್ನೇ ನಂಬಿದ ಉದ್ಯಮವೂ ಇದೆ. 2001ರಲ್ಲಿ ಜರ್ಮನಿಯಲ್ಲಿ ಸೀಮೆನ್ಸ್ ಕಂಪನಿಯಿಂದ ಕವಲೊಡೆದ ಎನ್‌ಓಷನ್ ಸಂಸ್ಥೆ, ಗೋಡೆಯ ಸ್ವಿಚ್ ಒತ್ತಿದ ಬಲದಿಂದಲೇ ದೀಪಕ್ಕೆ ನಿಸ್ತಂತು ಆಜ್ಞೆ ಕಳಿಸುವ ಸಾಧನಗಳನ್ನು ಮಾರುಕಟ್ಟೆಗೆ ತಂದಿತು.

ನಮ್ಮ ಗೋಪುರದ ಅಲೆ

2009ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಅಲಾನ್ಸನ್ ಸ್ಯಾಂಪಲ್ ಮತ್ತು ಜೋಶುವಾ ಸ್ಮಿತ್ ಟಿ.ವಿ. ಪ್ರಸಾರ ಗೋಪುರದತ್ತ ಆಂಟೆನಾ ತಿರುಗಿಸಿ ಶಕ್ತಿ ಕೊಯ್ದರು. ಗೋಪುರದ ಪ್ರಸಾರ ಶಕ್ತಿ 960 ಕಿಲೋವ್ಯಾಟ್. ಸುಮಾರು 4 ಕಿಲೋಮೀಟರ್ ದೂರದಲ್ಲಿ ಕೈಗೆ ದಕ್ಕಿದ್ದು 60 ಮೈಕ್ರೊವ್ಯಾಟ್. ಅಂದರೆ 1,600 ಕೋಟಿ ಪಾಲು ಮಾಡಿದರೆ ಒಂದು ಪಾಲು! ಅಷ್ಟರಲ್ಲೇ ಪುಟ್ಟ ಉಷ್ಣಮಾಪಕವೊಂದು ತನ್ನ ಪರದೆಯ ಸಮೇತ ನಡೆಯಿತು.

2013ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದ ಶ್ಯಾಮ್ ಗೊಲ್ಲಕೋಟ ಈ ತಂಡದ ಮುಂದಾಳುಗಳಲ್ಲೊಬ್ಬರು. ಬ್ಯಾಟರಿಯಿಲ್ಲದ ಎರಡು ಸಾಧನಗಳು ಗಾಳಿಯಲ್ಲಿದ್ದ ಟಿ.ವಿ. ಅಲೆಯನ್ನೇ ಪ್ರತಿಫಲಿಸುತ್ತ ಎರಡೂವರೆ ಅಡಿ ದೂರದಿಂದ ಒಂದಕ್ಕೊಂದು ಮಾತನಾಡಿದವು. 2017ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಯಿಲ್ಲದ ಫೋನಿನಲ್ಲಿ ಸಂಭಾಷಣೆ ನಡೆಯಿತು. ಅದಕ್ಕೆ ಬೇಕಾದ ಶಕ್ತಿ ಸುಮಾರು 3.5 ಮೈಕ್ರೊವ್ಯಾಟ್. ಒಂದು 9 ವ್ಯಾಟ್ ಬಲ್ಬಿನ ಶಕ್ತಿಯಲ್ಲಿ ಇಂಥ 25 ಲಕ್ಷ ಫೋನುಗಳು ನಡೆದಾವು. ಮಾತಿನ ಕಂಪನವೇ ಪ್ರತಿಫಲಿತ ಅಲೆಯನ್ನು ಬದಲಿಸುವಂತೆ ಮಾಡಿದ್ದು ಇದರ ಗುಟ್ಟು. ಹೌದು, ಮಾಸ್ಕೋದ ಗೋಡೆಯ ಕಿವಿಯ ಉಪಾಯವೇ! ಆದರೆ ಅದಕ್ಕೆಂದೇ ರಚಿಸಿದ ನೆಲೆಯೊಂದು ಹತ್ತಿರದಲ್ಲೇ ಇರಬೇಕಿತ್ತು. ಬೆಳಕಿನ ನೆರವಿದ್ದರೂ 50 ಅಡಿಯೇ ಮಿತಿ.

2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಹಾಗೂ ನೆದರ್‌ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯಗಳ ಸಂಶೋಧಕರು ಬ್ಯಾಟರಿಯಿಲ್ಲದ ವಿಡಿಯೊ ಆಟದ ಯಂತ್ರವನ್ನು ತೋರಿಸಿದರು. ಬಿಸಿಲು ಮತ್ತು ಆಟಗಾರ ಗುಂಡಿ ಒತ್ತುವ ಬಲವೇ ಅದರ ಆಹಾರ. ಶಕ್ತಿ ಆಗಾಗ ಮುಗಿದು ಯಂತ್ರ ಕ್ಷಣಕಾಲ ನಿಂತುಬಿಡುತ್ತದೆ. ಮತ್ತೆ ಶಕ್ತಿ ಸಿಕ್ಕೊಡನೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಏಕೆಂದರೆ ಪ್ರತಿ ಸ್ಥಿತಿಯನ್ನೂ ಅದು ಅಳಿಯದ ಸ್ಮೃತಿಯಲ್ಲಿ ಬರೆದಿಟ್ಟಿರುತ್ತದೆ. ಶಕ್ತಿ ಸದಾ ಇರುತ್ತದೆ ಎಂಬ ನಂಬಿಕೆಯನ್ನೇ ಬಿಟ್ಟು ಯಂತ್ರವನ್ನು ಕಟ್ಟುವ ಈ ಯೋಚನೆ ನನಗೆ ಬಹಳ ಹಿಡಿಸಿತು.

ಇದರಿಂದ ನಾವು ಕಲಿಯುವುದೇನು?

ಗಾಳಿಯಲ್ಲಿ ಸಿಗುವ ಶಕ್ತಿ ಪುಕ್ಕಟೆ ಎಂದು ಭಾವಿಸಬೇಡಿ. ಯಾರೋ ಎಲ್ಲೋ ಗೋಪುರ ನಿಲ್ಲಿಸಿ, ವಿದ್ಯುತ್ತಿನ ಬಿಲ್ಲು ಕಟ್ಟಿ ಅದನ್ನು ಹರಡಿರುತ್ತಾರೆ. ನಮ್ಮ ದೇಶದ ಭೂಪ್ರಸಾರದ ಟಿ.ವಿ. ಗೋಪುರಗಳು 2022ರ ಹೊತ್ತಿಗೆ ಬಹುತೇಕ ಮೌನವಾದವು. ಅವುಗಳನ್ನು ನಂಬಿದ ಸಾಧನವಿದ್ದಿದ್ದರೆ ಅದೂ ಮೌನವಾಗುತ್ತಿತ್ತು. ಕಾಲಿನ ಶಕ್ತಿಯೂ ಪುಕ್ಕಟೆಯಲ್ಲ, ಅದು ಉಂಡ ಅನ್ನದಿಂದ ಬಂದದ್ದು. ದೊಡ್ಡ ಕೆಲಸಕ್ಕೆ ಬ್ಯಾಟರಿಯೇ ಬೇಕು. ನಿಮ್ಮ ಮೊಬೈಲಿನ ಪರದೆಯನ್ನು ಇಂಥ ಚಿಲ್ಲರೆ ಶಕ್ತಿ ಬೆಳಗಲಾರದು.

ಆದರೆ ಬ್ಯಾಟರಿ ಬದಲಿಸುವುದೇ ಕಷ್ಟವಾದ ಕಡೆಗಳಿವೆ. ಹೃದಯದ ಪೇಸ್‌ಮೇಕರಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಮುಗಿದಾಗ ರೋಗಿ ಮತ್ತೆ ಶಸ್ತ್ರಕ್ರಿಯೆಗೆ ಒಳಗಾಗಬೇಕು. ಸೇತುವೆಯ ಬಿರುಕನ್ನು ಕಾಯುವ ಸಂವೇದಕವನ್ನು ಕಾಂಕ್ರೀಟಿನೊಳಗೆ ಹೂತ ಮೇಲೆ ಶೆಲ್ ಬದಲಿಸುವವರಾರು? ಬಳಸಿ ಎಸೆದ ಶೆಲ್ಲುಗಳು ಮಣ್ಣು ನೀರನ್ನು ಕೆಡಿಸುವುದಂತೂ ಇದ್ದೇ ಇದೆ. ಇಂಥ ಕಡೆ ಚಿಲ್ಲರೆ ಶಕ್ತಿಯೇ ದೊಡ್ಡ ಗಂಟು. ಇತಿಹಾಸ ಹೇಳುವುದಿಷ್ಟು: ಬೆಲ್, ಟ್ರೇಗರ್, ಆಡ್ಲರ್, ಬೇಲಿಸ್ ಮೊದಲು ಕೇಳಿಕೊಂಡದ್ದು “ಈ ಕೆಲಸಕ್ಕೆ ನಿಜವಾಗಿ ಎಷ್ಟು ಶಕ್ತಿ ಬೇಕು?” ಎಂಬ ಪ್ರಶ್ನೆಯನ್ನು. ಎಷ್ಟು ಸಿಗುತ್ತದೆ ಎಂಬುದು ಆಮೇಲಿನ ಮಾತು.

ಮೀಡಿಯಂ ವೇವ್ ಪ್ರಸಾರ ಚೆನ್ನಾಗಿ ಸಿಗುವ ಊರು ನಿಮ್ಮದಾಗಿದ್ದರೆ, ವಿಜ್ಞಾನದ ಅಧ್ಯಾಪಕರ ನೆರವಿನಿಂದ ಒಂದು ಸುರುಳಿ, ಒಂದು ಜರ್ಮೇನಿಯಂ ಡಯೋಡು, ಹರಳು ರೇಡಿಯೊಗೆ ಹೊಂದುವ ಕಿವಿಯ ಫೋನು ತಂದು ರೇಡಿಯೊ ಕಟ್ಟಿ ನೋಡಿ. ವಿದ್ಯುತ್ ತಂತಿಗಳ ಹತ್ತಿರ ಮಾತ್ರ ಆಂಟೆನಾ ಕಟ್ಟಬೇಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಂತೂ ಮುಟ್ಟಲೇಬೇಡಿ. ಶೆಲ್ಲಿಲ್ಲದ ಆ ಪೆಟ್ಟಿಗೆಯಿಂದ ಮೊದಲ ಸಲ ಒಂದು ದನಿ ತೇಲಿಬಂದಾಗ ಆಗುವ ಸಂತೋಷವನ್ನು ಈ ಪುಟ ಹೇಳಲಾರದು.

ಮಲೆನಾಡಿನ ಆ ಮೇಷ್ಟ್ರು ಮರುವರ್ಷ ತೀರಿಕೊಂಡರು. ಹಳ್ಳ ದಾಟದೇ ಹೋದ ಹುಡುಗನ ಕಥೆ ಹೇಳುವ ದೃಶ್ಯ ಈಗಲೂ ನಮ್ಮಲ್ಲಿದೆ. ಅವರ ತುಟಿ ಅಲುಗುತ್ತದೆ, ಕೈ ಏಳುತ್ತದೆ, ಮಾತು ಮಾತ್ರ ಇಲ್ಲ. ಅದರ ಮುಂದಿನ ಭಾಗದಲ್ಲಿ ಅವರು ಹಾಜರಿ ಪುಸ್ತಕದ ಬಗ್ಗೆ, ಮಕ್ಕಳ ಅಡ್ಡಹೆಸರುಗಳ ಬಗ್ಗೆ ಹೇಳುತ್ತ ಗಟ್ಟಿಯಾಗಿ ನಗುತ್ತಾರೆ. ಆ ನಗು ನಮಗೆ ಉಳಿದದ್ದು ಹಳೆಯ ತಂತಿ ಮೈಕಿನಿಂದ. ಈಗ ಚಿತ್ರೀಕರಣಕ್ಕೆ ಹೊರಡುವ ಮುನ್ನ ನಾನು ಹೊಸ ಶೆಲ್ಲುಗಳನ್ನು ಎಣಿಸಿ ಇಟ್ಟುಕೊಳ್ಳುತ್ತೇನೆ. ಆ ಮೈಕನ್ನೂ ಮರೆಯದೆ ಪೆಟ್ಟಿಗೆಗೆ ಹಾಕಿಸುತ್ತೇನೆ.